ನಾಲ್ಕು ಹೆಸರುಗಳ ನೂರ್

ಹೊಸಕೋಟೆಯಿಂದ ಸೂಲಿಬೆಲೆಯನ್ನು ಹಾದು ದೇವನಹಳ್ಳಿಗೆ ಹೋಗುವ ರಸ್ತೆಯ ಆಸುಪಾಸಿನಲ್ಲಿ ಬಾಲ್ಯ ಕಳೆದ ನಮ್ಮಂಥವರಿಗೆ ದೇವನಹಳ್ಳಿ ಎಂದರೆ ಚಕ್ಕೋತ ಹಣ್ಣು ಮತ್ತು ಕೋಟೆ. ಇಂದಿನವರಿಗೆ 2008ರಲ್ಲಿ ಆರಂಭಗೊಂಡ ವಿಮಾನ ನಿಲ್ದಾಣ. ಕೋಟೆಗೆ ಸಮೀಪದಲ್ಲೇ ಕಲ್ಲುಕಂಬಗಳ ಪುಟ್ಟದೊಂದು ಆವರಣವಿದೆ. 1750ರಲ್ಲಿ ಟಿಪ್ಪು ಸುಲ್ತಾನ್ ಜನಿಸಿದ ಸ್ಥಳವದು. ಟಿಪ್ಪುವಿನ ಬಗ್ಗೆ ನಮ್ಮ ನಾಡಿನಲ್ಲಿ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಆಡದೆ ಉಳಿದ ಮಾತಿಲ್ಲ. ಆದರೆ ಆ ವಾಗ್ವಾದದ ಎರಡೂ ಪಕ್ಷದವರು ಅದೇ ವಂಶದ ಒಬ್ಬ ಹೆಣ್ಣುಮಗಳನ್ನು ನೆನೆಯುವುದು ಅಪರೂಪ. ಆಕೆ ಹುಟ್ಟಿದ್ದು ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ಸಿನ ಹೊರವಲಯದಲ್ಲಿ, ದುಡಿದದ್ದು ಬ್ರಿಟಿಷ್ ಗೂಢಚಾರ ಸಂಸ್ಥೆಗಾಗಿ, ಸತ್ತದ್ದು ಜರ್ಮನಿಯ ಯಾತನಾ ಶಿಬಿರವೊಂದರಲ್ಲಿ. ಹೆಸರು ನೂರ್ ಇನಾಯತ್ ಖಾನ್. ಮೂವತ್ತು ವರ್ಷದ ಆಯುಷ್ಯದಲ್ಲಿ ಆಕೆ ಧರಿಸಿದ ಹೆಸರುಗಳು ನಾಲ್ಕು. ಸೆರೆ ಹಿಡಿದವರಿಗೆ ಆಕೆಯ ಬಾಯಿಂದ ಸಿಕ್ಕ ಹೆಸರು ಒಂದು ಮಾತ್ರ. ಅದು ಮೊದಲನೆಯದಂತೂ ಅಲ್ಲ.

ಈ ವಂಶಕ್ಕೆ ಗುರುತು ಮರೆಸಿ ಬದುಕುವುದು ಹೊಸತಾಗಿರಲಿಲ್ಲ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬೆಂಗಳೂರಿಗೆ ಬಂತು. ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಹೋದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕುಟುಂಬವನ್ನು ವೆಲ್ಲೂರಿಗೆ ಕಳುಹಿಸಲಾಯಿತು. 1806ರ ವೆಲ್ಲೂರು ದಂಗೆಯ ಬಳಿಕ, ಮೈಸೂರಿನಿಂದ ಎಷ್ಟು ದೂರವಾದರೆ ಅಷ್ಟು ಕ್ಷೇಮವೆಂದು, ಕಲ್ಕತ್ತೆಗೆ. ಅಲ್ಲಿಂದ ಮುಂದಿನ ಕಥೆ ನೂರ್ ಮನೆತನದ ಪರಂಪರೆಯಲ್ಲಿ ಉಳಿದು ಬಂದದ್ದು. ಟಿಪ್ಪುವಿನ ಸಂತತಿಯ ಕಾಸಿಂಬಿ ಎಂಬ ಹುಡುಗಿಯನ್ನು ನಂಬಿಗಸ್ತರು ಮೈಸೂರಿನಲ್ಲಿ ಗುಟ್ಟಾಗಿ ಬೆಳೆಸಿದರು. ಉತ್ತರದಿಂದ ಬಂದ ಮೌಲಾ ಬಕ್ಷ್ ಎಂಬ ತರುಣ ಗಾಯಕರು ಆಗ ಮೈಸೂರು ಆಸ್ಥಾನದಲ್ಲಿದ್ದರು. ಹಿಂದೂಸ್ತಾನಿ ಸಂಗೀತದವರಾದರೂ ನಮ್ಮ ಕರ್ನಾಟಕ ಪದ್ಧತಿಯನ್ನು ಶ್ರದ್ಧೆಯಿಂದ ಕಲಿತವರು. ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜಮರ್ಯಾದೆಯ ಬಿರುದುಬಾವಲಿಗಳನ್ನು ಪಡೆದವರು. ಅಂಥವರಿಗೆ ಕಾಸಿಂಬಿಯನ್ನು ಕೊಟ್ಟು ಮದುವೆ ಮಾಡಲಾಯಿತು. ವಧುವಿನ ಕುಲಮೂಲವನ್ನು ಬಾಯಿಬಿಡಬಾರದೆಂಬುದೇ ಷರತ್ತು. 1857ರ ದಂಗೆಯ ಬಿಸಿ ಆರದಿದ್ದ ಆ ದಿನಗಳಲ್ಲಿ ಟಿಪ್ಪುವಿನ ರಕ್ತವೆಂದು ಹೇಳಿಕೊಳ್ಳುವುದು ಹೆಮ್ಮೆಗಿಂತ ಹೆಚ್ಚಾಗಿ ಅಪಾಯದ ಮಾತಾಗಿತ್ತು.

ಮೌಲಾ ಬಕ್ಷ್ ಮುಂದೆ ಬರೋಡೆಗೆ ಹೋಗಿ, ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಸಂಗೀತ ಶಾಲೆ ತೆರೆದರು. ಅವರ ಮಗಳ ಮಗನೇ ಇನಾಯತ್ ಖಾನ್. 1882ರಲ್ಲಿ ಬರೋಡೆಯಲ್ಲಿ ಜನಿಸಿದ ಇನಾಯತ್ ಖಾನರು ವೀಣೆ ನುಡಿಸುತ್ತಿದ್ದರು, ಹಾಡುತ್ತಿದ್ದರು. ಗುರುವಿನ ಆದೇಶದಂತೆ ಸೂಫಿ ಚಿಂತನೆಯನ್ನು ಪಶ್ಚಿಮಕ್ಕೆ ಒಯ್ಯಲು 1910ರ ಸೆಪ್ಟೆಂಬರ್ 13ರಂದು ಭಾರತ ಬಿಟ್ಟರು. ಈ ದಿನಾಂಕವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಅಮೆರಿಕದಲ್ಲಿ ಅವರಿಗೆ ಪರಿಚಯವಾದವಳು ನ್ಯೂ ಮೆಕ್ಸಿಕೋ ಮೂಲದ ಓರಾ ರೇ ಬೇಕರ್. ಆಕೆಯ ಪೋಷಕನಾಗಿದ್ದ ಮಲಸಹೋದರ ಪಿಯರ್ ಬರ್ನಾರ್ಡ್ ಯೋಗ, ತಂತ್ರಗಳನ್ನು ಅಮೆರಿಕನ್ನರಿಗೆ ಬೋಧಿಸಿ ಹೆಸರು ಮಾಡಿದವನು. ಭಾರತದ ವಿದ್ಯೆ ಅವನಿಗೆ ಬೇಕಿತ್ತು. ಭಾರತೀಯ ಭಾವ ಬೇಕಿರಲಿಲ್ಲ. ಓರಾ ಮನೆ ತೊರೆದು, ಹಡಗು ಹತ್ತಿ, ಒಬ್ಬಳೇ ಅಟ್ಲಾಂಟಿಕ್ ದಾಟಿ ಲಂಡನ್ನಿಗೆ ಬಂದಳು. 1913ರ ಮಾರ್ಚ್‌ನಲ್ಲಿ ಇಬ್ಬರ ವಿವಾಹ ನೋಂದಣಿಯಾಯಿತು. ಓರಾ ರೇ ಬೇಕರ್ ಅಮೀನಾ ಬೇಗಂ ಆದಳು. ಹೊಟ್ಟೆಪಾಡಿಗಾಗಿ ಇನಾಯತ್ ಖಾನ್ ಮತ್ತು ಅವರ ಸಹೋದರರ ವಾದ್ಯವೃಂದ ಯುರೋಪಿನ ನಗರಗಳಲ್ಲಿ ಕಾರ್ಯಕ್ರಮ ನೀಡುತ್ತಿತ್ತು. ಪ್ಯಾರಿಸ್ಸಿನಲ್ಲಿ ಅವರು ಮಾತಾಹರಿಯ ನೃತ್ಯಕ್ಕೂ ಹಿಮ್ಮೇಳ ನುಡಿಸಿದ್ದುಂಟು. ಗೂಢಚಾರಿಣಿ ಎಂಬ ಆರೋಪದ ಮೇಲೆ ಫ್ರೆಂಚರು ಮಾತಾಹರಿಯನ್ನು 1917ರಲ್ಲಿ ಗುಂಡಿಟ್ಟು ಕೊಂದರು. ಇಂಥ ಕಾಕತಾಳೀಯಗಳು ಕಾದಂಬರಿಯಲ್ಲಿ ಬಂದರೆ ವಿಮರ್ಶಕರು ಲೇಖಕನನ್ನು ಬಿಡುವುದಿಲ್ಲ.

1914ರ ಜನವರಿ 1ರಂದು ಮಾಸ್ಕೋದಲ್ಲಿ ನೂರ್ ಜನಿಸಿದಳು. ನೂರ್ ಎಂದರೆ ಬೆಳಕು. ಮೊದಲ ಮಹಾಯುದ್ಧದ ಕಾಲ ಲಂಡನ್ನಿನಲ್ಲಿ ಕಳೆಯಿತು. ಎರಡು ಗಂಡು, ಒಂದು ಹೆಣ್ಣು ಮಗು ಹುಟ್ಟಿ ಸಂಸಾರ ಬೆಳೆಯಿತು. 1922ರ ಹೊತ್ತಿಗೆ ಪ್ಯಾರಿಸ್ಸಿಗೆ ಹೊಂದಿಕೊಂಡಿರುವ ಸುರೇನ್ ಎಂಬ ಪಟ್ಟಣದಲ್ಲಿ ಅವರಿಗೊಂದು ಮನೆಯಾಯಿತು. ಅದರ ಹೆಸರು ಫಜಲ್ ಮಂಜಿಲ್. ಆ ನೆಮ್ಮದಿ ಬಹುಕಾಲ ಉಳಿಯಲಿಲ್ಲ. 1926ರಲ್ಲಿ ಭಾರತಕ್ಕೆ ಹೋದ ಇನಾಯತ್ ಖಾನ್ 1927ರ ಫೆಬ್ರವರಿ 5ರಂದು ದೆಹಲಿಯಲ್ಲಿ ತೀರಿಕೊಂಡರು. ಶೋಕದಲ್ಲಿ ಮುಳುಗಿದ ಅಮೀನಾ ಬೇಗಂ ಕೋಣೆಯಿಂದ ಹೊರಬರುವುದನ್ನೇ ಬಿಟ್ಟಳು. ಮೂರು ಮಕ್ಕಳ ಊಟ, ಪಾಠ, ಜ್ವರ, ಜಗಳ ಎಲ್ಲವೂ ಹದಿಮೂರರ ನೂರ್ ಹೆಗಲಿಗೆ ಬಿತ್ತು. ಆಕೆಯನ್ನು ಕನಸುಗಾತಿ, ಮುಗ್ಧೆ ಎಂದು ಬಣ್ಣಿಸುವವರು ಈ ವರ್ಷಗಳನ್ನು ಲಘುವಾಗಿ ದಾಟಿಬಿಡುತ್ತಾರೆಂದು ನನಗನಿಸುತ್ತದೆ. ಹದಿಮೂರನೇ ವಯಸ್ಸಿನಿಂದ ಮನೆ ನಡೆಸಿದ ಹುಡುಗಿ ಮೃದುವಾಗಿರಬಹುದು, ದುರ್ಬಲಳಾಗಿರಲಾರಳು.

ಸೋರ್ಬಾನ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರ, ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸಂಗೀತ ಶಾಲೆಯಲ್ಲಿ ಹಾರ್ಪ್ ಮತ್ತು ಪಿಯಾನೋ, ಮನೆಯಲ್ಲಿ ವೀಣೆ. ಅದೇ ಸಂಗೀತ ಶಾಲೆಯ ಒಬ್ಬ ಯಹೂದಿ ತರುಣನೊಂದಿಗೆ ಆಕೆಗೆ ಪ್ರೇಮವಾಗಿ, ನಿಶ್ಚಿತಾರ್ಥವೂ ಆಗಿ, ಹಲವು ವರ್ಷ ಉಳಿಯಿತು. ಮನೆತನಕ್ಕೆ ತಕ್ಕವನಲ್ಲ ಎಂಬುದು ಕುಟುಂಬದ ಹಿರಿಯರ ಅಭಿಪ್ರಾಯ. ಪ್ರೀತಿಗಾಗಿ ಸಾಗರ ದಾಟಿದ ತಾಯಿಯ ಮಗಳು ಕರ್ತವ್ಯ ಮತ್ತು ಪ್ರೀತಿಯ ನಡುವೆ ಸಿಲುಕಿ ನವೆದಳು. ಯುದ್ಧದ ಹೊಸ್ತಿಲಲ್ಲಿ ಆ ಸಂಬಂಧ ಮುರಿಯಿತು. ಆ ವೇಳೆಗೆ ನೂರ್ ಮಕ್ಕಳ ಕಥೆಗಾರ್ತಿಯಾಗಿ ಹೆಸರಾಗಿದ್ದಳು. ಆಕೆಯ ಕಥೆಗಳು ಪ್ಯಾರಿಸ್ ರೇಡಿಯೋದಲ್ಲಿ ಪ್ರಸಾರವಾಗುತ್ತಿದ್ದವು, ಫಿಗಾರೋ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಬುದ್ಧನ ಪೂರ್ವಜನ್ಮದ ಇಪ್ಪತ್ತು ಜಾತಕ ಕಥೆಗಳನ್ನು ಆಯ್ದು ಮಕ್ಕಳಿಗಾಗಿ ಬರೆದ ಪುಸ್ತಕ 1939ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ತನ್ನ ಬಳಗವನ್ನು ದಾಟಿಸಲು ದೇಹವನ್ನೇ ಸೇತುವೆಯಾಗಿಸಿದ ವಾನರ ರಾಜನ ಕಥೆ ಅದರಲ್ಲಿದೆ.

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸಿನ ಹೊಸ್ತಿಲಿಗೆ ಬಂದಾಗ ಕುಟುಂಬ ಬೋರ್ಡೋ ಮಾರ್ಗವಾಗಿ ಇಂಗ್ಲೆಂಡಿಗೆ ಪಾರಾಯಿತು. ಅಹಿಂಸೆಯನ್ನು ಬೋಧಿಸಿದ ತಂದೆಯ ಮಕ್ಕಳು ನಾಜಿಗಳ ಎದುರು ಏನು ಮಾಡಬೇಕು? ನೂರ್ ಮತ್ತು ಆಕೆಯ ತಮ್ಮ ವಿಲಾಯತ್ ಈ ಪ್ರಶ್ನೆಯನ್ನು ಕೂತು ಚರ್ಚಿಸಿದರು. ಕೊಲ್ಲುವ ಕೆಲಸ ಬೇಡ, ಆದರೆ ಅಪಾಯ ಹೆಚ್ಚಿರುವ ಕೆಲಸವನ್ನೇ ಹಿಡಿಯೋಣ ಎಂಬ ತೀರ್ಮಾನಕ್ಕೆ ಬಂದರು. ವಿಲಾಯತ್ ನೌಕಾಪಡೆಗೆ ಸೇರಿ, ಸಮುದ್ರದಲ್ಲಿ ಶತ್ರು ಹುದುಗಿಸಿದ ಸ್ಫೋಟಕಗಳನ್ನು ತೆಗೆಯುವ ಹಡಗಿನಲ್ಲಿ ಅಧಿಕಾರಿಯಾದ. ನೂರ್ 1940ರ ನವೆಂಬರ್ 19ರಂದು ವಾಯುಪಡೆಯ ಮಹಿಳಾ ಸಹಾಯಕ ದಳವನ್ನು ಸೇರಿದಳು. ವಿಚಿತ್ರ ಹೆಸರಿನಿಂದ ಪ್ರಶ್ನೆಗಳು ಏಳದಿರಲೆಂದು ನೋರಾ ಬೇಕರ್ ಎಂದು ಬರೆಸಿದಳು. ಬೇಕರ್ ತಾಯಿಯ ತವರಿನ ಹೆಸರು. ನೋರಾದೊಳಗೆ ಓರಾ ಅಡಗಿದೆ. ಇದು ಎರಡನೆಯ ಹೆಸರು. ಅಲ್ಲಿ ಆಕೆ ಕಲಿತದ್ದು ನಿಸ್ತಂತು ಸಂದೇಶ ಕಳುಹಿಸುವ ವಿದ್ಯೆ.

1942ರಲ್ಲಿ ಅಧಿಕಾರಿ ದರ್ಜೆಗಾಗಿ ನಡೆದ ಸಂದರ್ಶನದಲ್ಲಿ ಭಾರತದ ಸ್ವಾತಂತ್ರ್ಯದ ಬಗ್ಗೆ ಪ್ರಶ್ನೆ ಬಂತು. ಯುದ್ಧ ನಡೆಯುವವರೆಗೆ ಬ್ರಿಟನ್ನಿಗೆ ನಿಷ್ಠೆಯಿಂದಿರುತ್ತೇನೆ, ಅದು ಮುಗಿದ ಮೇಲೆ ಭಾರತದ ಪಕ್ಷ ವಹಿಸಬೇಕಾಗಬಹುದು ಎಂಬ ಅರ್ಥದಲ್ಲಿ ಆಕೆ ಉತ್ತರಿಸಿದಳು. ಕ್ವಿಟ್ ಇಂಡಿಯಾ ಚಳವಳಿಯ ವರ್ಷದಲ್ಲಿ, ಬ್ರಿಟಿಷ್ ಸೇನಾಧಿಕಾರಿಗಳ ಮುಂದೆ ಕುಳಿತು ಆಡಿದ ಮಾತಿದು. ಸಂದರ್ಶನ ಮಂಡಳಿಗಳ ಎರಡೂ ಬದಿಯಲ್ಲಿ ಕುಳಿತು ಅನುಭವವಿರುವ ನಾನು ಹೇಳಬಲ್ಲೆ, ಅಂಥ ಉತ್ತರ ಕೊಟ್ಟ ಅಭ್ಯರ್ಥಿಯನ್ನು ಮಂಡಳಿಗಳು ಸಾಮಾನ್ಯವಾಗಿ ಮರೆತುಬಿಡಲು ಇಷ್ಟಪಡುತ್ತವೆ. ಆದರೆ ಬೇರೊಂದು ಇಲಾಖೆಯ ಕಣ್ಣು ಆಕೆಯ ಮೇಲಿತ್ತು.

ಶತ್ರು ಆಕ್ರಮಿತ ದೇಶಗಳಲ್ಲಿ ಗುಪ್ತವಾಗಿ ಪ್ರತಿರೋಧ ಸಂಘಟಿಸಲು ಚರ್ಚಿಲ್ ಸರ್ಕಾರ 1940ರಲ್ಲಿ ಸ್ಥಾಪಿಸಿದ ಸಂಸ್ಥೆ ಎಸ್‌ಒಇ. ಅದರ ಫ್ರಾನ್ಸ್ ವಿಭಾಗಕ್ಕೆ ಫ್ರೆಂಚ್ ಭಾಷೆಯನ್ನು ತಾಯ್ನುಡಿಯಂತೆ ಆಡಬಲ್ಲ, ನಿಸ್ತಂತು ಬಲ್ಲ ಜನ ಬೇಕಿದ್ದರು, ಅಂಥವರು ಬೆರಳೆಣಿಕೆಯಷ್ಟು. ಲಂಡನ್ನಿನ ಹೋಟೆಲೊಂದರ ಕೋಣೆಯಲ್ಲಿ ಸೆಲ್ವಿನ್ ಜೆಪ್ಸನ್ ಎಂಬ ಅಧಿಕಾರಿ ಆಕೆಯನ್ನು ಕಂಡು, ಸಿಕ್ಕಿಬಿದ್ದರೆ ಗತಿಯೇನೆಂಬುದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. ನೂರ್ ಕೂಡಲೇ ಒಪ್ಪಿದಳು. ತಾಯಿಗೆ ಮಾತ್ರ ಆಫ್ರಿಕಾಕ್ಕೆ ಹೋಗುತ್ತಿರುವುದಾಗಿ ಹೇಳಿದಳು. ಸತ್ಯವನ್ನೇ ಆಡಬೇಕೆಂದು ಬೆಳೆದ ಆಕೆಗೆ ಇಡೀ ಕಾರ್ಯಾಚರಣೆಯಲ್ಲಿ ಅತ್ಯಂತ ಕಷ್ಟವಾದದ್ದು ಆ ಒಂದು ಸುಳ್ಳು.

ತರಬೇತಿಯ ವರದಿಗಳು ಉತ್ಸಾಹ ತರುವಂಥವಲ್ಲ. ಬುದ್ಧಿ ಸಾಲದು, ಭಾವುಕಳು, ಗುಪ್ತ ಕಾರ್ಯಕ್ಕೆ ಯೋಗ್ಯಳೇ ಎಂಬುದು ಸಂಶಯ ಎಂಬರ್ಥದ ಷರಾಗಳು ಅವುಗಳಲ್ಲಿವೆ. ಅಭ್ಯಾಸದ ವೇಳೆ ಸೈಕಲ್ಲಿನಲ್ಲಿ ಹೋಗುತ್ತಿದ್ದವಳನ್ನು ಪೊಲೀಸನೊಬ್ಬ ತಡೆದು ವಿಚಾರಿಸಿದಾಗ, ತಾನು ಗೂಢಚರ್ಯೆಯ ತರಬೇತಿಯಲ್ಲಿದ್ದೇನೆಂದು ಇದ್ದದ್ದನ್ನು ಇದ್ದಂತೆ ಹೇಳಿದಳಂತೆ. ಸಂಕೇತ ಲಿಪಿಯ ಮುಖ್ಯಸ್ಥ ಲಿಯೋ ಮಾರ್ಕ್ಸ್ ತಮ್ಮ ನೆನಪುಗಳಲ್ಲಿ ಇದನ್ನು ದಾಖಲಿಸಿದ್ದಾರೆ. ಪಾಠ ಹೇಳುವ ಮುನ್ನ ಮಾರ್ಕ್ಸ್ ಮಾಡಿದ ಕೆಲಸ ಸ್ವಾರಸ್ಯಕರ: ಆಕೆಯ ಜಾತಕ ಕಥೆಗಳ ಪುಸ್ತಕವನ್ನು ತರಿಸಿ ಓದಿದರು. ವಾನರ ರಾಜನ ಸೇತುವೆಯ ಕಥೆಯನ್ನೇ ಹಿಡಿದು, ತಪ್ಪಾಗಿ ಸಂಕೇತಿಸಿದ ಸಂದೇಶವೂ ಒಂದು ಸುಳ್ಳೇ ಎಂಬುದನ್ನು ಮನಗಾಣಿಸಿದರು. ಅಲ್ಲಿಂದ ಮುಂದೆ ಆಕೆಯ ಸಂಕೇತಗಳಲ್ಲಿ ತಪ್ಪು ಕಾಣುವುದು ಅಪರೂಪವಾಯಿತು. ಸಾವಿರ ಸುತ್ತೋಲೆಗಳು ಮಾಡಲಾಗದ್ದನ್ನು ಒಬ್ಬ ಮೇಲಧಿಕಾರಿ ಕೈಕೆಳಗಿನವರ ಪುಸ್ತಕ ಓದಿ ಸಾಧಿಸಿದ ಉದಾಹರಣೆ ನಮ್ಮ ಆಡಳಿತದಲ್ಲಿ ಎಷ್ಟಿವೆಯೋ!

ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಪ್ರತಿಕೂಲ ವರದಿಗಳನ್ನು ಬದಿಗಿಟ್ಟು ಆಕೆಯನ್ನು ಕಳುಹಿಸಲು ನಿರ್ಧರಿಸಿದರು. 1943ರ ಜೂನ್ 16ರ ಬೆಳದಿಂಗಳ ರಾತ್ರಿ ಬ್ರಿಟಿಷ್ ವಾಯುನೆಲೆಯಿಂದ ಪುಟ್ಟ ಲೈಸ್ಯಾಂಡರ್ ವಿಮಾನಗಳು ಹೊರಟವು. ಬೀಳ್ಕೊಡಲು ಬಂದಿದ್ದ ವೀರಾ ಅಟ್‌ಕಿನ್ಸ್ ಎಂಬ ಹಿರಿಯ ಅಧಿಕಾರಿಣಿ ತಮ್ಮ ಕೋಟಿನ ಮೇಲಿದ್ದ ಹಕ್ಕಿಯಾಕಾರದ ಬೆಳ್ಳಿ ಪಿನ್ನನ್ನು ನೂರ್‌ಗೆ ಕೊಟ್ಟರು. ಅಂದು ಹೋದ ಮೂವರು ಹೆಂಗಸರಲ್ಲಿ, ಡಯಾನಾ ರೌಡನ್, ಸೆಸಿಲಿ ಲೆಫೋರ್, ನೂರ್, ಯಾರೊಬ್ಬರೂ ಹಿಂದಿರುಗಲಿಲ್ಲ. ಆಂಜೆ ಬಳಿಯ ಹೊಲದಲ್ಲಿ ಅವರನ್ನು ಇಳಿಸಿಕೊಂಡ ಆನ್ರಿ ದೆರಿಕೂರ್ ಎಂಬಾತ ಜರ್ಮನರೊಂದಿಗೂ ಸಂಪರ್ಕದಲ್ಲಿದ್ದ. ಯುದ್ಧದ ನಂತರ 1948ರಲ್ಲಿ ಫ್ರೆಂಚ್ ಸೇನಾ ನ್ಯಾಯಾಲಯದಲ್ಲಿ ವಿಚಾರಣೆಗೊಳಗಾಗಿ ಖುಲಾಸೆಯಾದ.

ಮಕ್ಕಳ ದಾದಿ ಜಾನ್-ಮಾರಿ ರೆನಿಯೇ ಎಂಬುದು ಕಾಗದಪತ್ರಗಳಲ್ಲಿದ್ದ ಹೆಸರು. ಮದ್ಲೇನ್ ಎಂಬುದು ಸಹಚರರಿಗಾಗಿ ಇಟ್ಟ ಸಂಕೇತನಾಮ. ಮೂರನೆಯದು, ನಾಲ್ಕನೆಯದು. ಆಕ್ರಮಿತ ಫ್ರಾನ್ಸಿಗೆ ಕಳುಹಿಸಲಾದ ಮೊದಲ ಮಹಿಳಾ ನಿಸ್ತಂತು ನಿರ್ವಾಹಕಿ ಈಕೆ. ಆರಂಭವೇ ಎಡವಟ್ಟು. ಕೊಟ್ಟ ವಿಳಾಸದಲ್ಲಿ ವೃದ್ಧೆಯೊಬ್ಬಳಿರುತ್ತಾಳೆಂದು ಆಕೆ ತಿಳಿದಿದ್ದಳು. ಬಾಗಿಲು ತೆರೆದವನು ಆನ್ರಿ ಗಾರಿ ಎಂಬ ತರುಣ. ಸಂಕೇತ ವಾಕ್ಯವನ್ನು ಹೇಳಲೋ ಬೇಡವೋ ಎಂದು ತಿಳಿಯದೆ ಆಕೆ ಸುಮ್ಮನೆ ಕುಳಿತಳು, ಅವನೂ ಕುಳಿತ. ಕೊನೆಗೆ ಅವನ ಪ್ರೇಯಸಿಗೆ ವಿಷಯ ಹೊಳೆಯಿತು. ಬಟ್ಟಲಿಗೆ ಮೊದಲು ಹಾಲು ಹಾಕಿ ಆಮೇಲೆ ಚಹಾ ಬಸಿಯುವುದು ಇಂಗ್ಲಿಷರ ರೂಢಿ, ಅದರಿಂದಲೇ ಸಿಕ್ಕಿಬೀಳುತ್ತೀಯೆಂದು ಗೆಳತಿಯರು ಎಚ್ಚರಿಸಬೇಕಾಯಿತು.

ಆಕೆ ಬಂದು ವಾರ ಕಳೆಯುವಷ್ಟರಲ್ಲಿ ಸಿಡಿಲು ಬಡಿಯಿತು. ಪ್ಯಾರಿಸ್ಸಿನ ಅತಿದೊಡ್ಡ ಗುಪ್ತಜಾಲವಾಗಿದ್ದ ಪ್ರಾಸ್ಪರ್ ಬಳಗದ ನಾಯಕ ಫ್ರಾನ್ಸಿಸ್ ಸಟ್ಟಿಲ್ ಜೂನ್ 24ರಂದು ಬಂಧಿತನಾದ. ಬೆನ್ನಹಿಂದೆಯೇ ನೂರಾರು ಮಂದಿ ಸೆರೆಯಾದರು. ಪ್ಯಾರಿಸ್ ಮತ್ತು ಲಂಡನ್ ನಡುವೆ ಈ ವಿಭಾಗಕ್ಕೆ ಉಳಿದ ಕೊಂಡಿ ಹೆಚ್ಚುಕಡಿಮೆ ನೂರ್ ಒಬ್ಬಳೇ. ಹಿಂದಿರುಗೆಂದು ಲಂಡನ್ ಸೂಚಿಸಿದಾಗ ಆಕೆ ನಿರಾಕರಿಸಿದಳು. ನಿಸ್ತಂತು ನಿರ್ವಾಹಕರು ಸಿಕ್ಕಿಬೀಳದೆ ಉಳಿಯುವ ಅವಧಿ ಆಗ ಸರಾಸರಿ ಆರು ವಾರವೆಂಬ ಲೆಕ್ಕವಿತ್ತು. ನೂರ್ ಮೂರೂವರೆ ತಿಂಗಳು ನಿಭಾಯಿಸಿದಳು. ಸುಮಾರು 15 ಕಿಲೋ ತೂಕದ ಯಂತ್ರವನ್ನು ಸೂಟ್‌ಕೇಸಿನಲ್ಲಿ ಹೊತ್ತು ಮನೆಯಿಂದ ಮನೆಗೆ ಅಲೆಯಬೇಕು. ಹತ್ತಾರು ಅಡಿ ಉದ್ದದ ಆಂಟೆನಾ ತಂತಿ ಕಟ್ಟಬೇಕು. ಸಂಕೇತದ ಜಾಡು ಹಿಡಿಯುವ ಜರ್ಮನ್ ವಾಹನಗಳು ಬೀದಿಗೆ ಬರುವಷ್ಟರಲ್ಲಿ ಮುಗಿಸಿ ಎದ್ದು ಹೋಗಬೇಕು. ಮೆಟ್ರೋ ರೈಲಿನಲ್ಲಿ ಜರ್ಮನ್ ಸೈನಿಕರು ಪೆಟ್ಟಿಗೆಯಲ್ಲೇನೆಂದು ಕೇಳಿದಾಗ ಸಿನಿಮಾ ಯಂತ್ರವೆಂದು ಹೇಳಿ ಪಾರಾದದ್ದುಂಟು. ಬ್ರಿಸ್ಟಲ್‌ನ ಅಭ್ಯಾಸಗಳಲ್ಲಿ ತಡವರಿಸಿದ್ದ ಹುಡುಗಿಯೇ ಇವಳು. ಕೂದಲಿಗೆ ಬಣ್ಣ ಹಚ್ಚಿಕೊಂಡು, ತನ್ನನ್ನು ಮಗುವಾಗಿ ಬಲ್ಲ ಸುರೇನಿನ ಹಳೆಯ ನೆರೆಹೊರೆಯವರ ಮನೆಗಳಿಂದಲೂ ಸಂದೇಶ ಕಳುಹಿಸಿದಳು. ಪ್ರತಿರೋಧ ದಳಗಳಿಗೆ ಹಣ, ಶಸ್ತ್ರ ತರಿಸುವುದು, ಅಡಗಿದ್ದ ವಿಮಾನ ಸಿಬ್ಬಂದಿಯನ್ನು ಪಾರುಮಾಡುವುದು ಈ ಸಂದೇಶಗಳಿಂದ ಸಾಧ್ಯವಾಯಿತು.

ಕೊನೆಗೆ ಆಕೆಯನ್ನು ಹಿಡಿದುಕೊಟ್ಟದ್ದು ಜರ್ಮನರ ಯಂತ್ರವಲ್ಲ, ಮನುಷ್ಯರ ಮತ್ಸರ. ಆನ್ರಿ ಗಾರಿಯ ಸೋದರಿ ರನೇ ಗಾರಿ ಒಂದು ಲಕ್ಷ ಫ್ರಾಂಕ್‌ಗೆ ವಿಳಾಸ ಮಾರಿದಳೆಂಬುದು ಆರೋಪ. ಮಾರಿಷಸ್ ಮೂಲದ ಫ್ರಾನ್ಸ್ ಆಂತೆಲ್ಮ್ ಎಂಬ ಸುಂದರ, ಧೀರ ಅಧಿಕಾರಿ ಆಗ ಪ್ಯಾರಿಸ್ಸಿನಲ್ಲಿದ್ದ. ತನ್ನತ್ತ ಇದ್ದ ಅವನ ಒಲವು ನೂರ್‌ನತ್ತ ತಿರುಗಿತೆಂಬ ಸಂಕಟ ರನೇಯನ್ನು ಈ ಕೃತ್ಯಕ್ಕೆ ತಳ್ಳಿತೆಂದು ನೂರ್ ಚರಿತ್ರೆ ಬರೆದವರು ಊಹಿಸುತ್ತಾರೆ. 1949ರಲ್ಲಿ ರನೇಯ ವಿಚಾರಣೆ ನಡೆದು ಒಂದೇ ಮತದ ಅಂತರದಿಂದ ಆಕೆ ಬಿಡುಗಡೆಯಾದಳು. ನೂರ್ ಇಂಗ್ಲೆಂಡಿಗೆ ಹಿಂದಿರುಗಲು ಒಪ್ಪಿ, ಅದಕ್ಕೆ ವ್ಯವಸ್ಥೆಯೂ ಆಗಿದ್ದ ದಿನಗಳಲ್ಲೇ, 1943ರ ಅಕ್ಟೋಬರ್ ಮಧ್ಯಭಾಗದಲ್ಲಿ, ಬಂಧನ ನಡೆಯಿತು. ಮೃದು ಸ್ವಭಾವದ ಈ ಕಥೆಗಾರ್ತಿ ಹಿಡಿಯಲು ಬಂದವನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದಳು. ಅವೆನ್ಯೂ ಫೋಶ್‌ನ 84ನೇ ಸಂಖ್ಯೆಯ ಕಟ್ಟಡಕ್ಕೆ ತಂದ ಕೂಡಲೇ ಸ್ನಾನ ಮಾಡಬೇಕೆಂದು ಕೇಳಿ, ಸ್ನಾನದ ಕೋಣೆಯ ಕಿಟಕಿಯಿಂದ ಮಾಡಿಗೆ ಹತ್ತಿದಳು, ಸಿಕ್ಕಿಬಿದ್ದಳು.

ಇಲ್ಲಿ ಒಂದು ವಿಷಯದ ಬಳಿ ಸ್ವಲ್ಪ ನಿಲ್ಲಬೇಕು. ಆಕೆಯ ಕೋಣೆಯಲ್ಲಿ ಜರ್ಮನರಿಗೆ ಒಂದು ನೋಟ್‌ಬುಕ್ ಸಿಕ್ಕಿತು. ಅದುವರೆಗೆ ಕಳುಹಿಸಿದ, ಪಡೆದ ಎಲ್ಲ ಸಂದೇಶಗಳೂ ಅದರಲ್ಲಿದ್ದವು. ಗೂಢಚರ್ಯೆಯ ಪ್ರಾಥಮಿಕ ನಿಯಮದ ಉಲ್ಲಂಘನೆ ಇದೆಂದು ಅನೇಕರು ಆಕೆಯನ್ನು ದೂರಿದ್ದಾರೆ. ಆದರೆ ಆಕೆಗೆ ಕೊಟ್ಟ ಲಿಖಿತ ಆದೇಶದಲ್ಲಿ ಸಂದೇಶಗಳ ಫೈಲಿಂಗ್ ಬಗ್ಗೆ ಅತ್ಯಂತ ಎಚ್ಚರವಿರಲಿ ಎಂಬರ್ಥದ ಸೂಚನೆಯಿತ್ತು. ಪತ್ರಕರ್ತರ ಬಳಕೆಯಲ್ಲಿ ಆ ಪದಕ್ಕೆ ಸುದ್ದಿ ಕಳುಹಿಸುವುದು ಎಂದರ್ಥ. ಕಚೇರಿಯ ಬಳಕೆಯಲ್ಲಿ ಕಡತದಲ್ಲಿ ಜೋಪಾನವಾಗಿರಿಸುವುದು. ಹೇಳಿದ್ದನ್ನು ಹೇಳಿದಂತೆ ಮಾಡುವ ನೂರ್ ಎರಡನೆಯ ಅರ್ಥ ಹಿಡಿದಳು. ಮೂರು ದಶಕಕ್ಕೂ ಮೀರಿ ಸರ್ಕಾರಿ ಕಡತಗಳ ನಡುವೆ ಬದುಕಿದವನಾಗಿ ಹೇಳುತ್ತೇನೆ: ಎರಡು ಅರ್ಥ ಕೊಡುವ ಆದೇಶ ಹೊರಡಿಸಿದವನ ಮೇಲೆ ಎಂದೂ ವಿಚಾರಣೆ ನಡೆಯುವುದಿಲ್ಲ; ಪಾಲಿಸಿದವರ ಮೇಲೆ ನಡೆಯುತ್ತದೆ.

ಮುಂದಿನದು ಇನ್ನೂ ಘೋರ. ವಾರಗಟ್ಟಲೆ ನಡೆದ ವಿಚಾರಣೆಯಲ್ಲಿ ನೂರ್ ಏನನ್ನೂ ಬಾಯಿಬಿಡಲಿಲ್ಲ. ಆದರೆ ನೋಟ್‌ಬುಕ್ಕಿನ ನೆರವಿನಿಂದ ಜರ್ಮನರು ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳುಹಿಸತೊಡಗಿದರು. ಮದ್ಲೇನ್‌ಗೆ ದೊಡ್ಡ ಅಪಘಾತವಾಗಿದೆ ಎಂಬ ಎಚ್ಚರಿಕೆ ಸ್ವಿಟ್ಜರ್ಲೆಂಡ್ ಮೂಲಕ ಅದೇ ಅಕ್ಟೋಬರ್‌ನಲ್ಲಿ ಬಕ್‌ಮಾಸ್ಟರ್ ಕಚೇರಿ ತಲುಪಿತ್ತು. ಕಳುಹಿಸಿದವಳ ಹೆಸರು ಸೋನ್ಯಾ. ಅಂಥವಳು ಯಾರೆಂದು ಕಚೇರಿಗೆ ತಿಳಿದಿರಲಿಲ್ಲ, ಆದ್ದರಿಂದ ನಂಬಲಿಲ್ಲ. ಮಾರ್ಕ್ಸ್ ಬರೆದಿರುವ ಪ್ರಕಾರ ಇನ್ನೊಂದು ಸುಳಿವೂ ಇತ್ತು. ಸುಳ್ಳು ಹೇಳಲಾರದ ಹುಡುಗಿಗಾಗಿಯೇ ಅವರು ಒಂದು ಗುಟ್ಟಿನ ಸಂಕೇತ ರೂಪಿಸಿದ್ದರು: ಹದಿನೆಂಟು ಅಕ್ಷರಗಳ ಕೀಲಿ ಬಳಸಿದ ಸಂದೇಶ ಬಂದರೆ ಸೆರೆ ಸಿಕ್ಕಿದ್ದಾಳೆಂದು ತಿಳಿಯಬೇಕು. ಅಂಥ ಸಂದೇಶ ಬಂತು. ಮೇಲಿನವರು ಅದನ್ನೂ ಆಕಸ್ಮಿಕವೆಂದು ತಳ್ಳಿಹಾಕಿದರು. ಬೇಡದ ಸುದ್ದಿ ತಂದ ಕಾಗದವನ್ನು ಕಡತದ ತಳಕ್ಕೆ ಸೇರಿಸುವ ಕಲೆ ನಮ್ಮ ದೇಶದ ಕಚೇರಿಗಳ ಏಕಸ್ವಾಮ್ಯವಲ್ಲ.

1944ರ ಫೆಬ್ರವರಿ ಕೊನೆಯಲ್ಲಿ, ಆ ಸುಳ್ಳು ಸಂದೇಶಗಳನ್ನು ನಂಬಿ, ಶಾರ್ತ್ರ್ ಬಳಿ ಮೂವರನ್ನು ಪ್ಯಾರಾಚೂಟ್‌ನಿಂದ ಇಳಿಸಲಾಯಿತು. ಕೆಳಗೆ ಕಾಯುತ್ತಿದ್ದವರು ಗೆಸ್ಟಪೋಗಳು. ಇಳಿದವರಲ್ಲಿ ಒಬ್ಬ ಫ್ರಾನ್ಸ್ ಆಂತೆಲ್ಮ್. ಇನ್ನೊಬ್ಬಳು ಫ್ರೆಂಚ್ ತರುಣಿ. ಮದ್ಲೇನ್ ಎಂಬುದು ಆಕೆಯ ನಿಜವಾದ ಹೆಸರೇ ಆಗಿತ್ತು. ಮದ್ಲೇನ್ ದಾಮರ್ಮಾಂ.

ಅಷ್ಟರಲ್ಲಿ ನೂರ್ ಪ್ಯಾರಿಸ್ಸಿನಲ್ಲಿರಲಿಲ್ಲ. ನವೆಂಬರ್ 25ರ ರಾತ್ರಿ ಜಾನ್ ಸ್ಟಾರ್ ಮತ್ತು ಫ್ರೆಂಚ್ ಕರ್ನಲ್ ಲಿಯಾನ್ ಫೇ ಎಂಬ ಸಹಕೈದಿಗಳೊಂದಿಗೆ, ಕದ್ದು ಪಡೆದ ಸ್ಕ್ರೂಡ್ರೈವರಿನಿಂದ ಗವಾಕ್ಷದ ಸರಳು ಸಡಿಲಿಸಿ, ಮತ್ತೆ ಮಾಡು ಹತ್ತಿದ್ದಳು. ಅದೇ ಗಳಿಗೆಗೆ ಬ್ರಿಟಿಷ್ ವಿಮಾನಗಳು ದಾಳಿಗೆ ಬಂದವು. ಸೈರನ್ ಕೂಗಿತು, ಕೈದಿಗಳ ಎಣಿಕೆ ನಡೆಯಿತು, ಮೂವರೂ ಸಿಕ್ಕಿಬಿದ್ದರು. ಮತ್ತೆ ಓಡುವುದಿಲ್ಲವೆಂದು ಮಾತು ಕೊಡಬೇಕೆಂದು ಅಲ್ಲಿಯ ಮುಖ್ಯಸ್ಥ ಹಾನ್ಸ್ ಕೀಫರ್ ಕೇಳಿದ. ಸ್ಟಾರ್ ಕೊಟ್ಟ, ಫೇ ಮತ್ತು ನೂರ್ ನಿರಾಕರಿಸಿದರು. ಮಾತು ಕೊಟ್ಟು ಮುರಿಯುವುದು ಗೂಢಚಾರರಿಗೆ ಪಾಪವೇನಲ್ಲ. ಆಕೆಗೆ ಆ ಲೆಕ್ಕಾಚಾರ ಹಿಡಿಸಲಿಲ್ಲ. ತರಬೇತಿಯಲ್ಲಿ ಕೊರತೆಯೆಂದು ದಾಖಲಾಗಿದ್ದ ಗುಣವೇ ಇಲ್ಲಿ ಶತ್ರುವಿಗೆ ಗೋಡೆಯಾಯಿತು.

ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಗೆ ಆಕೆಯನ್ನು ಸಾಗಿಸಲಾಯಿತು. ಸುಳಿವೇ ಇಲ್ಲದಂತೆ ಕಣ್ಮರೆಯಾಗಿಸಬೇಕಾದ ಕೈದಿಗಳ ಪಟ್ಟಿಯಲ್ಲಿ ಹೆಸರು ಸೇರಿತು. ಕೈಗೆ ಬೇಡಿ, ಕಾಲಿಗೆ ಬೇಡಿ, ಎರಡನ್ನೂ ಸೇರಿಸುವ ಸರಪಳಿ, ಒಂಟಿ ಕೋಣೆ, ಹತ್ತು ತಿಂಗಳು. ಉಣ್ಣಲು, ಬಟ್ಟೆ ಬದಲಿಸಲು ಪರರ ಸಹಾಯ ಬೇಕಿತ್ತು. ಊಟದ ಬಟ್ಟಲಿನ ತಳದಲ್ಲಿ ಗೀಚಿ ಕಳುಹಿಸುವ ಅಕ್ಷರಗಳ ಮೂಲಕ ಪಕ್ಕದ ಕೋಣೆಯ ಫ್ರೆಂಚ್ ಹೆಂಗಸರೊಂದಿಗೆ ಸಂಪರ್ಕ ಬೆಳೆಯಿತು. ನೋರಾ ಬೇಕರ್ ಎಂದು ಪರಿಚಯಿಸಿಕೊಂಡು ಲಂಡನ್ನಿನ ಒಂದು ವಿಳಾಸವನ್ನೂ ಕೊಟ್ಟಳು: 4, ಟ್ಯಾವಿಟನ್ ಸ್ಟ್ರೀಟ್. ತಾಯಿಯ ಮನೆ ಅದು.

1944ರ ಸೆಪ್ಟೆಂಬರ್ 12ರ ರಾತ್ರಿಯ ಹೊತ್ತಿಗೆ ಆಕೆ ಡಾಖಾವ್ ಶಿಬಿರದಲ್ಲಿದ್ದಳು. ಜೊತೆಗೆ ಯೋಲಾಂದ್ ಬೀಕ್‌ಮನ್, ಎಲಿಯಾನ್ ಪ್ಲೂಮನ್ ಮತ್ತು ಮದ್ಲೇನ್ ದಾಮರ್ಮಾಂ. ತನ್ನ ಹೆಸರಿನಲ್ಲಿ ಹೋದ ಸುಳ್ಳು ಸಂದೇಶಕ್ಕೆ ಬಲಿಯಾದವಳ ಪಕ್ಕದಲ್ಲೇ ನೂರ್ ಮಂಡಿಯೂರಬೇಕಾಯಿತು. 13ರ ಬೆಳಿಗ್ಗೆ ನಾಲ್ವರನ್ನೂ ಗುಂಡಿಟ್ಟು ಕೊಂದರು. ತಂದೆ ಭಾರತ ಬಿಟ್ಟದ್ದೂ ಸೆಪ್ಟೆಂಬರ್ 13ರಂದೇ, ಮೂವತ್ತನಾಲ್ಕು ವರ್ಷಗಳ ಹಿಂದೆ.

ಗುರುತು ಬದಲಾಟ ಸತ್ತ ಮೇಲೂ ನಿಲ್ಲಲಿಲ್ಲ. ಯುದ್ಧಾನಂತರ ತಾವು ಕಳುಹಿಸಿದ ಹುಡುಗಿಯರು ಏನಾದರೆಂದು ಪತ್ತೆಹಚ್ಚಲು ವೀರಾ ಅಟ್‌ಕಿನ್ಸ್ ಸ್ವತಃ ಜರ್ಮನಿಗೆ ಹೋದರು. ನಾಟ್ಸ್‌ವೈಲರ್ ಶಿಬಿರದಲ್ಲಿ 1944ರ ಜುಲೈ 6ರಂದು ಕೊಲೆಯಾದ ನಾಲ್ವರಲ್ಲಿ ಕಪ್ಪು ಕೂದಲಿನ ಒಬ್ಬಳು ನೂರ್ ಎಂದು ತೀರ್ಮಾನವಾಗಿ, ಕುಟುಂಬಕ್ಕೂ ಹಾಗೆಯೇ ತಿಳಿಸಲಾಯಿತು. ಬಳಿಕ, ಸೆರೆಯಿಂದ ಬದುಕಿ ಬಂದ ಫ್ರೆಂಚ್ ಮಹಿಳೆಯೊಬ್ಬಳು ಫೋರ್ಟ್ಸ್‌ಹೈಮ್‌ನ ನೋರಾ ಬೇಕರ್ ಬಗ್ಗೆ ಬರೆದಳು. 1947ರ ವೇಳೆಗೆ ಸತ್ಯ ಹೊರಬಿತ್ತು. ನಾಟ್ಸ್‌ವೈಲರ್‌ನಲ್ಲಿ ಸತ್ತವಳು ನೂರ್ ಅಲ್ಲ, ಸೋನ್ಯಾ ಓಲ್ಶಾನೆಸ್ಕಿ. ಮದ್ಲೇನ್‌ಗೆ ಆಪತ್ತೆಂದು ಲಂಡನ್ನನ್ನು ಎಚ್ಚರಿಸಿದ, ಯಾರೆಂದು ತಿಳಿಯದೆ ಕಚೇರಿ ನಂಬದಿದ್ದ ಅದೇ ಸೋನ್ಯಾ. ನೂರ್ ಸಾವಿನ ಸುದ್ದಿ ಕೇಳಿ ಕೀಫರ್ ಅಟ್‌ಕಿನ್ಸ್ ಎದುರು ಅತ್ತನಂತೆ. ಬೇರೆ ಅಪರಾಧಕ್ಕಾಗಿ ಅವನನ್ನು 1947ರಲ್ಲಿ ಗಲ್ಲಿಗೇರಿಸಲಾಯಿತು.

ಫ್ರಾನ್ಸ್ 1946ರಲ್ಲಿ ಕ್ರ್ವಾ ದ ಗೇರ್ ಪದಕ ನೀಡಿತು. 1949ರ ಏಪ್ರಿಲ್ 5ರಂದು ಬ್ರಿಟನ್ ಜಾರ್ಜ್ ಕ್ರಾಸ್ ಘೋಷಿಸಿತು. ಮುಂದಿನ ತಿಂಗಳೇ ಅಮೀನಾ ಬೇಗಂ ಕಣ್ಮುಚ್ಚಿದರು. ಗೆಳತಿ ಜೀನ್ ಓವರ್ಟನ್ ಫುಲ್ಲರ್ 1952ರಲ್ಲಿ ಮೊದಲ ಜೀವನಚರಿತ್ರೆ ಬರೆದರು. ದಾಖಲೆಗಳು ಬಿಡುಗಡೆಯಾದ ಮೇಲೆ 2006ರಲ್ಲಿ ಶ್ರಬಣಿ ಬಸು ಅವರ ಪುಸ್ತಕ ಬಂದು ಭಾರತದಲ್ಲೂ ಈ ಹೆಸರು ಪರಿಚಿತವಾಯಿತು. ಅಂದಿನಿಂದ ಆಕೆಗೆ ಐದನೆಯ ಹೆಸರೊಂದು ಅಂಟಿದೆ, ರಾಜಕುಮಾರಿ ಎಂದು. ನನಗೆ ಆ ಬಿರುದು ಅಷ್ಟಾಗಿ ರುಚಿಸುವುದಿಲ್ಲ. ಅರಮನೆಯನ್ನು ಆಕೆ ಕಾಣಲಿಲ್ಲ. ಬಾಡಿಗೆ ಕೋಣೆಗಳಲ್ಲಿ ತಾನೇ ತಂತಿ ಕಟ್ಟಿ ದುಡಿದವಳು. ಮನೆತನವನ್ನು ಹೇಳಿಕೊಂಡಿದ್ದರೆ ಜರ್ಮನರು ಬೇರೆ ರೀತಿ ನಡೆದುಕೊಳ್ಳುತ್ತಿದ್ದರೋ ಏನೋ, ಆಕೆ ಹೇಳಿಕೊಳ್ಳಲಿಲ್ಲ. ಮೈಸೂರಿನಲ್ಲಿ ಕಾಸಿಂಬಿಗೆ ವಿಧಿಸಿದ್ದ ಷರತ್ತನ್ನು ಯಾರೂ ಕೇಳದೆಯೇ ಪಾಲಿಸಿದಳು.

ಸುರೇನಿನಲ್ಲಿ ಒಂದು ಚೌಕಕ್ಕೆ ಮದ್ಲೇನ್ ಹೆಸರಿದೆ, ಒಂದು ಪ್ರಾಥಮಿಕ ಶಾಲೆಗೆ ನೂರ್ ಹೆಸರಿದೆ. ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ 2012ರ ನವೆಂಬರ್ 8ರಂದು ಆಕೆಯ ಪ್ರತಿಮೆ ಅನಾವರಣಗೊಂಡಿತು. ಫೋರ್ಟ್ಸ್‌ಹೈಮ್‌ನ ಕೈದಿಗಳಿಗೆ ಆಕೆ ಕೊಟ್ಟಿದ್ದ ವಿಳಾಸದ ಮನೆ ಅಲ್ಲಿಗೆ ನಡೆದುಹೋಗುವಷ್ಟು ಹತ್ತಿರ. 2020ರ ಆಗಸ್ಟ್‌ನಲ್ಲಿ ಅದರ ಗೋಡೆಗೆ ನೀಲಿ ಫಲಕವೊಂದನ್ನು ಅಳವಡಿಸಿದರು. ನೂರ್ ಇನಾಯತ್ ಖಾನ್ ಎಂಬ ಹೆಸರಿನೊಂದಿಗೆ ಸಂಕೇತನಾಮವೂ ಅದರ ಮೇಲಿದೆ.